ತೂಕ ಮೊದಲೋ, ರಸ್ತೆ ಮೊದಲೋ

ಹೆಪ್ಪುಗಟ್ಟಿದ ಸರೋವರದ ಮೇಲೆ ನಲವತ್ತು ಟನ್ ಭಾರದ ಲಾರಿ ಓಡಿಸುವುದು ಹೆಚ್ಚು ಅಪಾಯವೋ, ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಕಡೆಯ ಡಾಂಬರು ರಸ್ತೆಯಲ್ಲಿ ಕಬ್ಬಿನ ಗಾಡಿ ಓಡಿಸುವುದೋ? ಕೇಳಿದವರೆಲ್ಲ ಮೊದಲಿನದನ್ನೇ ಹೇಳುತ್ತಾರೆ. ಚಕ್ರದ ಕೆಳಗೆ ಒಂದು ಮೀಟರು ಮಂಜುಗಡ್ಡೆ, ಅದರ ಕೆಳಗೆ ಆಳದ ನೀರು, ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ ಎಂದರೆ ಯಾರಿಗಾದರೂ ಎದೆ ನಡುಗುತ್ತದೆ. ಆದರೆ ಅಂಥ ಹಿಮದ ರಸ್ತೆಗಳ ಲಾರಿ ಚಾಲಕರ ಮೇಲೆ 2007ರಲ್ಲಿ ಶುರುವಾದ ‘ಐಸ್ ರೋಡ್ ಟ್ರಕರ್ಸ್’ ಎಂಬ ಟಿ.ವಿ. ಕಾರ್ಯಕ್ರಮದವರೇ 2010ರಲ್ಲಿ ಉತ್ತರ ಅಮೆರಿಕದ ಚಾಲಕರನ್ನು ನಮ್ಮ ಹಿಮಾಚಲದ ರಸ್ತೆಗಳಿಗೆ ಕರೆತಂದರು. ಹಿಮದಲ್ಲಿ ಪಳಗಿದ ಆ ಮಂದಿಯಲ್ಲಿ ಎಲ್ಲರೂ ಕೊನೆಯವರೆಗೆ ಉಳಿಯಲಿಲ್ಲ. ಅದು ತೋರಿಕೆಗೆ ಕಟ್ಟಿದ ಕಾರ್ಯಕ್ರಮ, ನಿಜ. ಆದರೂ ಹಿಮಕ್ಕೆ ಹೆದರದವರು ನಮ್ಮ ರಸ್ತೆಗೆ ಹೆದರಿದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ರಸ್ತೆಯ ಅಪಾಯಕ್ಕೆ ನೆಲ ಅರ್ಧ ಕಾರಣ. ಇನ್ನರ್ಧ ಕಾರಣ ಗಾಡಿಯ ತೂಕವನ್ನು ಯಾರು, ಯಾವಾಗ ನೋಡುತ್ತಾರೆ, ಚಾಲಕನಿಗೆ ಯಾವುದರ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ ಎಂಬುದರಲ್ಲಿದೆ. ಈ ಎರಡನೆಯ ಅರ್ಧವನ್ನು ನಾವು ಮಾತಿಗೇ ತೆಗೆದುಕೊಳ್ಳುವುದಿಲ್ಲ.

ಮೊದಲು ಆ ಹಿಮದ ರಸ್ತೆಯನ್ನೇ ನೋಡೋಣ. ಕೆನಡಾದ ಯೆಲ್ಲೊನೈಫ್ ಪಟ್ಟಣದ ಹತ್ತಿರದಿಂದ ಉತ್ತರದ ವಜ್ರದ ಗಣಿಗಳಿಗೆ ಹೋಗುವ ಟಿಬಿಟ್–ಕಾಂಟ್ವಾಯ್ಟೊ ಚಳಿಗಾಲದ ರಸ್ತೆ 1982ರಲ್ಲಿ ಮೊದಲು ತೆರೆಯಿತು. ನೂರಾರು ಕಿಲೋಮೀಟರಿನ ಈ ದಾರಿಯ ಬಹುಪಾಲು ಸರೋವರಗಳ ಮೇಲೆಯೇ ಹಾಯುತ್ತದೆ. ಜನವರಿ ಕೊನೆಗೋ ಫೆಬ್ರುವರಿ ಆರಂಭಕ್ಕೋ ತೆರೆದರೆ ಮಾರ್ಚ್ ಮುಗಿಯುವಷ್ಟರಲ್ಲಿ ಮುಚ್ಚುತ್ತದೆ. ಇಡೀ ವರ್ಷದ ಡೀಸೆಲ್, ಸಿಮೆಂಟು, ಯಂತ್ರ ಎಲ್ಲವೂ ಆ ಕೆಲವು ವಾರಗಳಲ್ಲೇ ಹೋಗಿ ಮುಟ್ಟಬೇಕು. ಅವಸರಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ? ಆದರೂ ಅಲ್ಲಿ ಅವಸರಕ್ಕೆ ಜಾಗವಿಲ್ಲ. ತುಂಬಿದ ಲಾರಿಗೆ ಮಂಜುಗಡ್ಡೆಯ ಮೇಲೆ ಗಂಟೆಗೆ 25 ಕಿಲೋಮೀಟರಿನ ಮಿತಿ, ದಡ ಸಮೀಪಿಸಿದಾಗ ಅದಕ್ಕಿಂತಲೂ ನಿಧಾನ.

ಏಕೆಂದರೆ ತೇಲುವ ಮಂಜುಗಡ್ಡೆ ಭಾರಕ್ಕೆ ಬಾಗುತ್ತದೆ. ಲಾರಿ ಮುಂದೆ ಹೋದಂತೆ ಅದರ ಕೆಳಗಿನ ನೀರಿನಲ್ಲಿ ಒಂದು ಅಲೆ ಏಳುತ್ತದೆ. ಲಾರಿಯ ವೇಗವೂ ಅಲೆಯ ವೇಗವೂ ಒಂದಾದರೆ ಮೇಲಿನ ಪದರ ಬಿರುಕು ಬಿಡುತ್ತದೆ. ದಡದ ಹತ್ತಿರ ನೀರಿನ ಆಳ ಕಡಿಮೆಯಾಗುವುದರಿಂದ ಅಲೆ ತಿರುಗಿ ಬಂದು ಬಡಿಯುತ್ತದೆ. ಹಾಗೆಂದು ನಿಂತುಬಿಡುವುದೂ ಕ್ಷೇಮವಲ್ಲ. ಬಹಳ ಹೊತ್ತು ಒಂದೇ ಕಡೆ ನಿಂತ ಭಾರಕ್ಕೆ ಮಂಜುಗಡ್ಡೆ ನಿಧಾನವಾಗಿ ಕುಸಿಯುತ್ತದೆ. ಎಷ್ಟು ದಪ್ಪಕ್ಕೆ ಎಷ್ಟು ಭಾರ ಎಂಬುದಕ್ಕೆ ಕೆನಡಾದ ವಿಜ್ಞಾನಿ ಲಾರ್ನ್ ಗೋಲ್ಡ್ 1971ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ದಪ್ಪ ಇಮ್ಮಡಿಯಾದರೆ ಹೊರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಂದರೆ ದಪ್ಪ ಅರ್ಧಕ್ಕಿಳಿದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ರಾಡಾರ್ ಹಿಡಿದು ಮಂಜುಗಡ್ಡೆಯ ದಪ್ಪ ಅಳೆಯುತ್ತಾರೆ. ದಪ್ಪ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಭಾರ ನಿಗದಿಯಾಗುತ್ತದೆ, ಆಮೇಲೆ ಲಾರಿ ಹೊರಡುತ್ತದೆ. 2006ರಲ್ಲಿ ಚಳಿ ಸಾಲದೆ ರಸ್ತೆ ಬೇಗ ಮುಚ್ಚಬೇಕಾಯಿತು. ಉಳಿದ ಸರಕನ್ನು ಗಣಿ ಕಂಪನಿಗಳು ವಿಪರೀತ ಖರ್ಚು ಮಾಡಿ ವಿಮಾನದಲ್ಲಿ ಸಾಗಿಸಿದವು. ಅಲ್ಲಿಯೂ ಜನ ಸತ್ತಿದ್ದಾರೆ, ಅದನ್ನು ಮರೆಮಾಚಬಾರದು. ಆದರೆ ತೂಕ ಮೊದಲು, ರಸ್ತೆ ಆಮೇಲೆ ಎಂಬ ಕ್ರಮ ಅಲ್ಲಿ ತಪ್ಪುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಬೀದರ್ ಪಟ್ಟಣ ಕೆಂಪು ಮುರಕಲ್ಲಿನ ಎತ್ತರದಲ್ಲಿದೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಎರೆಭೂಮಿ. ಮಾಂಜ್ರಾ ನದಿ, ಕಾರಂಜಾ ಜಲಾಶಯದ ಆಸರೆಯಲ್ಲಿ ಕಬ್ಬು ಬೆಳೆಯುತ್ತದೆ. ಹುಣಜಿಯ ಮಹಾತ್ಮ ಗಾಂಧಿ ಕಾರ್ಖಾನೆ, ಬೀದರ್ ಹತ್ತಿರದ ನಾರಂಜಾ, ಬಾಜೋಳಗಾದ ಭಾಲ್ಕೇಶ್ವರ ಎಂದು ಕಾರ್ಖಾನೆಗಳಿವೆ. ಹಳ್ಳಿಖೇಡದ ಬೀದರ್ ಸಹಕಾರಿ ಕಾರ್ಖಾನೆ ನುರಿಸದ ವರ್ಷಗಳಲ್ಲಿ ಆ ಭಾಗದ ಕಬ್ಬು ಇನ್ನೂ ದೂರ ಹೋಗಬೇಕಾಯಿತು. ಹಂಗಾಮು ಶುರುವಾಯಿತೆಂದರೆ ಹಗಲು ರಾತ್ರಿ ಗಾಡಿಗಳೇ ಗಾಡಿಗಳು.

ಅಕಾಲದ ಮಳೆ ಬಿದ್ದ ದಿನ ಎರೆಹೊಲದಿಂದ ರಸ್ತೆಗೆ ಏರುವ ಟ್ರ್ಯಾಕ್ಟರನ್ನು ಹತ್ತಿರ ನಿಂತು ನೋಡಬೇಕು. ಹಿಂದಿನ ದೊಡ್ಡ ಗಾಲಿಗಳ ಗೀರುಗಳೆಲ್ಲ ಮಣ್ಣು ಮೆತ್ತಿ ಮುಚ್ಚಿಹೋಗಿರುತ್ತವೆ. ಎರಡು ಟ್ರಾಲಿ ಒಂದರ ಹಿಂದೊಂದು. ಕಬ್ಬು ಟ್ರಾಲಿಯ ಎತ್ತರಕ್ಕಿಂತ ಮೇಲೆ ಇನ್ನಷ್ಟು ಎತ್ತರಕ್ಕೆ ಏರಿರುತ್ತದೆ, ಹಗ್ಗ ಬಿಗಿದಿದ್ದರೂ ತುದಿಗಳು ಎರಡೂ ಮಗ್ಗುಲಿಗೆ ಚಾಚಿರುತ್ತವೆ. ಡ್ರೈವರನ ಕಾಲಿನ ಬ್ರೇಕು ಟ್ರ್ಯಾಕ್ಟರಿನ ಗಾಲಿ ಹಿಡಿಯುತ್ತದೆ, ಹಿಂದಿನ ಟ್ರಾಲಿಗಳು ಮಾತ್ರ ತಮ್ಮ ಭಾರದಲ್ಲೇ ನೂಕುತ್ತಾ ಬರುತ್ತವೆ. ಗಾಲಿಯಿಂದ ಉದುರಿದ ಕರಿ ಮಣ್ಣು ಡಾಂಬರಿನ ಮೇಲೆ ಹರಡಿ, ಹಿಂದೆ ಬರುವ ಬೈಕಿಗೆ ಅದು ಹಿಮದಷ್ಟೇ ಜಾರು. ರಾತ್ರಿಯಾದರೆ ಹಿಂದಿನ ದೀಪ ಕಬ್ಬಿನ ಮರೆಗೆ ಸೇರುತ್ತದೆ. ಗಾಡಿ ಕೆಟ್ಟು ನಿಂತರೆ ಸುತ್ತ ಕಲ್ಲಿಡುತ್ತಾರೆ. ರಿಪೇರಿಯಾದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ.

ಇದಕ್ಕೆಲ್ಲ ‘ಡ್ರೈವರ್ ಸರಿಯಿಲ್ಲ’ ಎಂಬ ಒಂದೇ ಉತ್ತರ ಸಿದ್ಧವಿದೆ. ನಾನಿದನ್ನು ಒಪ್ಪುವುದಿಲ್ಲ. ಆ ಡ್ರೈವರಿಗೆ ಏನು ಸಿಗುತ್ತದೆ, ಹೇಗೆ ಸಿಗುತ್ತದೆ ಎಂದು ಕೇಳಿ ನೋಡಿ. ಸಾಗಣೆಯ ಬಾಡಿಗೆ ಟನ್ನಿನ ಲೆಕ್ಕ, ದೂರದ ಲೆಕ್ಕ. ಗಾಡಿ ಮಾಲೀಕ ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡಿರುತ್ತಾನೆ, ಕಬ್ಬು ಕಡಿಯುವ ಟೋಳಿಗೆ ಅದರ ಮೇಸ್ತ್ರಿ ಮುಕಾದಮನ ಮೂಲಕ ಉಚಲ್ ಕೊಟ್ಟಿರುತ್ತಾನೆ. ಆ ಮುಂಗಡ ಹಂಗಾಮಿನೊಳಗೆ ತೀರಬೇಕು. ಕಡಿದ ಕಬ್ಬು ಹೊತ್ತು ಕಳೆದಷ್ಟೂ ಒಣಗಿ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕಡಿಮೆಯಾಗುತ್ತದೆ. ಹಾಗಾಗಿ ರೈತನಿಗೂ ಅವಸರ. ಅವಸರ ಮಾಡಿ ಕಾರ್ಖಾನೆ ಮುಟ್ಟಿದರೆ ಅಲ್ಲಿ ಗಾಡಿಗಳ ಸಾಲು. ತೂಕದ ಕಾಟಾದ ಸರದಿ ಬರುವವರೆಗೆ ಕಾಯಬೇಕು, ಒಮ್ಮೊಮ್ಮೆ ಇಡೀ ರಾತ್ರಿ. ಕಾದದ್ದಕ್ಕೆ ಬಾಡಿಗೆ ಇಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು, ಸಾಲು ಮುಂದೆ ಸರಿದಾಗಲೆಲ್ಲ ಎದ್ದು ಗಾಡಿ ಸರಿಸಿದವನು ಬೆಳಗಿನ ಮಂಜಿನಲ್ಲಿ ಮತ್ತೆ ಹೊಲದ ದಾರಿ ಹಿಡಿಯುತ್ತಾನೆ. ಇಂಥವನಿಗೆ ‘ನಿದ್ದೆಗೆಟ್ಟು ಓಡಿಸಬೇಡ’ ಎಂದು ಬೋರ್ಡು ಹಾಕುವುದರಿಂದ ಏನಾದೀತು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಹೇಳಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಬರೆದ ಕಾನೂನು. ಒಂದೇ ಗಾಡಿ, ಒಬ್ಬನೇ ಡ್ರೈವರ್ ಇದ್ದಲ್ಲಿ ಅದರ ನೆರಳೂ ಬೀಳಲಿಲ್ಲ.

ನನ್ನ ಮಾತಿನ ಮುಖ್ಯ ಅಂಶ ಇಲ್ಲಿದೆ. ಕಬ್ಬಿನ ಗಾಡಿಯ ತೂಕ ಯಾರಿಗೂ ತಿಳಿಯದ ಗುಟ್ಟಲ್ಲ. ಪ್ರತಿ ಗಾಡಿಯೂ ಕಾರ್ಖಾನೆಯ ಕಾಟಾದ ಮೇಲೆ ಹತ್ತುತ್ತದೆ. ತುಂಬಿದ ತೂಕ, ಖಾಲಿ ತೂಕ, ನಿವ್ವಳ ತೂಕ ಎಲ್ಲವೂ ಚೀಟಿಯಲ್ಲಿ ಗಾಡಿ ನಂಬರಿನ ಸಮೇತ ಮುದ್ರಣವಾಗುತ್ತವೆ. ಮರಳಿನ ಲಾರಿಯನ್ನು ಹಿಡಿಯಲು ಅಧಿಕಾರಿಗಳು ರಾತ್ರಿ ರಸ್ತೆ ಕಾಯಬೇಕು. ಇಲ್ಲಿ ಮಿತಿಮೀರಿದ ಭಾರಕ್ಕೆ ರಸೀದಿಯೇ ಸಾಕ್ಷಿ. ಆದರೆ ತೂಕ ಆಗುವುದು ಪ್ರಯಾಣ ಮುಗಿದ ಮೇಲೆ, ದುಡ್ಡು ಕೊಡುವ ಸಲುವಾಗಿ. ಕೆನಡಾದಲ್ಲಿ ತೂಕ ಪ್ರಾಣ ಉಳಿಸಲು, ನಮ್ಮಲ್ಲಿ ಲೆಕ್ಕ ಚುಕ್ತಾ ಮಾಡಲು.

ಕಾನೂನು ಮೃದುವಾಗಿದೆ ಎನ್ನುವಂತಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿಮೀರಿದ ಭಾರಕ್ಕೆ ₹20,000 ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ ₹2,000. ದಂಡ ಕಟ್ಟಿ ಅದೇ ಭಾರದೊಂದಿಗೆ ಮುಂದೆ ಹೋಗುವಂತಿಲ್ಲ, ಹೆಚ್ಚುವರಿಯನ್ನು ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟು ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ 2005ರಲ್ಲೇ ಸ್ಪಷ್ಟಪಡಿಸಿದೆ. 113ನೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ: ಚಾಲಕ ಮಾಲೀಕನಲ್ಲದಿದ್ದರೆ, ಮಿತಿಮೀರಿದ ಭಾರ ಮಾಲೀಕನಿಗೆ ತಿಳಿದೇ ಅಥವಾ ಅವನ ಆದೇಶದಂತೆಯೇ ಹೇರಲಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು. ಭಾರದ ಹೊಣೆ ಸ್ಟೇರಿಂಗ್ ಹಿಡಿದವನ ತಲೆಯ ಮೇಲಷ್ಟೇ ಕೂರುವುದಿಲ್ಲ ಎಂದು ಶಾಸನ ರೂಪಿಸಿದವರಿಗೆ ತಿಳಿದಿತ್ತು.

ಮಂಜುಗಡ್ಡೆಯಾದರೆ ಒಡೆಯುತ್ತದೆ, ಆ ಹೆದರಿಕೆಗೆ ಅಲ್ಲಿ ಶಿಸ್ತು ಬಂದಿದೆ, ಡಾಂಬರು ಒಡೆಯುವುದಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಡಾಂಬರೂ ಒಡೆಯುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ರಸ್ತೆಯ ಮೇಲೆ ಓಡಿಸಿ ನೋಡಿದ ದೊಡ್ಡ ಪರೀಕ್ಷೆಯಿಂದ ಒಂದು ನಿಯಮ ಹೊರಬಂತು: ಆಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಮಂಜುಗಡ್ಡೆ ಒಂದೇ ಕ್ಷಣದಲ್ಲಿ, ಭಾರ ಹೇರಿದವನಿಗೇ ಶಿಕ್ಷೆ ಕೊಡುತ್ತದೆ. ಡಾಂಬರು ಎರಡು ವರ್ಷ ಬಿಟ್ಟು ಕೊಡುತ್ತದೆ, ಅದೂ ಬೇರೆಯವರಿಗೆ: ಗುಂಡಿ ತಪ್ಪಿಸಲು ಹೋದ ಬೈಕಿನವನಿಗೆ, ಹೆರಿಗೆಗೆ ಬೀದರಿಗೆ ಹೊರಟ ಹೆಣ್ಣುಮಗಳಿಗೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅಷ್ಟು ಜನ ಸತ್ತದ್ದು ಹಿಮದ ಮೇಲಲ್ಲ.

ಅಲ್ಲಿ ವಜ್ರ, ಇಲ್ಲಿ ಕಬ್ಬು, ಅಷ್ಟು ಖರ್ಚು ನಮ್ಮಿಂದಾದೀತೇ ಎಂಬ ಆಕ್ಷೇಪಕ್ಕೆ ಹೆಚ್ಚು ಬೆಲೆಯಿದೆ. ಮಿತಿಯೊಳಗೆ ತುಂಬಿದರೆ ಖೇಪು ಹೆಚ್ಚುತ್ತದೆ, ಬಾಡಿಗೆ ಏರುತ್ತದೆ, ಆ ಹೊರೆ ಕೊನೆಗೆ ರೈತನ ಬಿಲ್ಲಿನಲ್ಲೇ ಕಡಿತವಾಗುತ್ತದೆ ಎಂಬ ಆತಂಕ ಸುಳ್ಳಲ್ಲ. ಕಟಾವು ಮತ್ತು ಸಾಗಣೆ ವೆಚ್ಚದ ಜಗಳ ಪ್ರತಿ ಹಂಗಾಮಿನಲ್ಲೂ ನಡೆಯುವಂಥದ್ದೇ. ಆದರೆ ಹೆಚ್ಚು ಹೇರುವುದರಿಂದ ಉಳಿದ ಹಣ ರೈತನ ಕೈಸೇರುತ್ತದೆಯೇ? ಟಯರಿಗೆ, ಮುರಿದ ಆಕ್ಸಲಿಗೆ, ಆಸ್ಪತ್ರೆಗೆ ಹೋಗುತ್ತದೆ. ಇನ್ನೊಂದು ಕಷ್ಟವೂ ಇದೆ. ಒಬ್ಬ ಮಾಲೀಕ ಮಾತ್ರ ಮಿತಿ ಪಾಲಿಸಿದರೆ ಅವನೊಬ್ಬನೇ ನಷ್ಟಕ್ಕೆ ಬೀಳುತ್ತಾನೆ, ಪಕ್ಕದವನು ಹೆಚ್ಚು ಹೇರಿ ಗೆಲ್ಲುತ್ತಾನೆ. ಹಾಗಾಗಿ ಇದನ್ನು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡುವಂತಿಲ್ಲ. ಎಲ್ಲರಿಗೂ ಒಟ್ಟಿಗೆ ಅನ್ವಯವಾಗುವ ನಿಯಮ ಕಾರ್ಖಾನೆಯ ಗೇಟಿನಲ್ಲೇ ಇರಬೇಕು.

ಆ ನಿಯಮ ಕಷ್ಟದ್ದೇನಲ್ಲ. ಗಾಡಿಯ ನೋಂದಣಿ ಪುಸ್ತಕದಲ್ಲಿ ಬರೆದ ತೂಕದ ಮೇಲೆ ಎಷ್ಟು ಬಂದರೂ ರೈತನಿಗೆ ಕಬ್ಬಿನ ಬೆಲೆ ಪೂರ್ತಿ ಸಲ್ಲಲಿ, ಆದರೆ ಹೆಚ್ಚುವರಿ ಟನ್ನಿಗೆ ಸಾಗಣೆ ಬಾಡಿಗೆ ಒಂದು ಪೈಸೆಯೂ ಬೇಡ. ಹೇರಿದ್ದಕ್ಕೆ ದುಡ್ಡಿಲ್ಲ ಎಂದಾದ ದಿನ ಯಾರೂ ಹೇರುವುದಿಲ್ಲ. ಕಾದ ಗಂಟೆಗಳಿಗೆ ಭತ್ಯೆ ಕೊಡಬೇಕು. ಆಗ ಸಾಲು ಕಡಿಮೆ ಮಾಡುವ ದರ್ದು ಕಾರ್ಖಾನೆಗೇ ಬರುತ್ತದೆ. ಹಿಂದೆ ದೀಪ, ಹೊಳೆಯುವ ಪಟ್ಟಿ ಇಲ್ಲದ ಟ್ರಾಲಿಗೆ ಟೋಕನ್ ಕೊಡಬಾರದು. ಅಂಗಳದಲ್ಲಿ ಡ್ರೈವರುಗಳಿಗೆ ಕಾಲು ಚಾಚಿ ಮಲಗಲು ಒಂದು ಸೂರು ಬೇಕು.

ಸಹಕಾರಿ ಕಾರ್ಖಾನೆಗಳಲ್ಲಿ ಷೇರುದಾರರು ಎಂದರೆ ನಾವೇ, ಕಬ್ಬು ಬೆಳೆಯುವವರು. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಆಸುಪಾಸಿಗೆ ನಡೆಯುತ್ತದೆ, ಹಂಗಾಮು ಅದಾದ ಮೇಲೆ ಶುರು. ಬೆಲೆಯ ಬಗ್ಗೆ ಅಲ್ಲಿ ಎದ್ದು ನಿಂತು ಕೇಳುವವರು ಬೇಕಾದಷ್ಟಿದ್ದಾರೆ, ಅದು ಅಗತ್ಯವೂ ಹೌದು. ಈ ವರ್ಷ ಅದರ ಜೊತೆಗೆ ಈ ತೂಕದ ನಿಯಮವನ್ನೂ ಠರಾವಾಗಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಕೈಗೆ ಸಿಗುವವರೆಗೆ ಸಭೆ ಬಿಟ್ಟು ಏಳಬೇಡಿ.