ಲೋಹವೆಲ್ಲ ಶಲ್ಯವಲ್ಲ

ಶ್ರೀಮಠಕ್ಕೆ ಬರುವ ಭಕ್ತಾದಿಗಳಲ್ಲಿ ಹಿರಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: “ಡಾಕ್ಟರೇ, ಆಪರೇಷನ್ ಮಾಡಿ ಮೂಳೆಯೊಳಗೆ ಲೋಹ ಇಡುತ್ತಾರಂತೆ. ಅದು ಮೈಯೊಳಗೆ ತುಕ್ಕು ಹಿಡಿದು ವಿಷವಾಗುವುದಿಲ್ಲವೇ? ನಿಮ್ಮ ಆಯುರ್ವೇದದಲ್ಲಿ ಎಣ್ಣೆ ಹಚ್ಚಿ, ಕಟ್ಟು ಕಟ್ಟಿ ವಾಸಿ ಮಾಡಲಾಗದೇ?” ನಾನು ‘ಆಗುತ್ತದೆ’ ಎನ್ನುವೆನೆಂಬ ನಿರೀಕ್ಷೆ ಅವರ ಮುಖದಲ್ಲಿರುತ್ತದೆ. ಆ ನಿರೀಕ್ಷೆಯನ್ನು ಹುಸಿಗೊಳಿಸುವುದೇ ವೈದ್ಯನಾದವನ ಧರ್ಮವೆಂದು ನಾನು ತಡವಾಗಿ ಕಲಿತೆ.

ಹಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತನ್ನು ಮುರಿದುಕೊಂಡರು. ಲೋಹದ ಭಯದಿಂದ ಮನೆಯವರು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿ ನನ್ನಲ್ಲಿಗೆ ಬಂದರು. ಶಸ್ತ್ರವೈದ್ಯರನ್ನು ಕಾಣಿರೆಂದು ಹೇಳಿದೆನಾದರೂ ಖಂಡಿತವಾಗಿ ಹೇಳಲಿಲ್ಲ. ಕೇಳಿದ ತೈಲವನ್ನೂ ಕೊಟ್ಟೆ. ಹಾಸಿಗೆ ಹಿಡಿದ ಅವರಿಗೆ ಬೆನ್ನಹುಣ್ಣಾಯಿತು, ಶ್ವಾಸಕೋಶಕ್ಕೆ ಸೋಂಕು ತಗಲಿತು. ಮೂರು ತಿಂಗಳೊಳಗೆ ಲಿಂಗೈಕ್ಯರಾದರು. ಅಂದಿನ ನನ್ನ ಮೆದುಮಾತಿಗಾಗಿ ಇಂದಿಗೂ ಪಶ್ಚಾತ್ತಾಪಪಡುತ್ತೇನೆ. ಆದ್ದರಿಂದ ಈ ಲೇಖನ.

ನಮ್ಮ ಶಾಸ್ತ್ರವೇ ಏನು ಹೇಳುತ್ತದೆಂದು ಮೊದಲು ನೋಡೋಣ. ಸುಶ್ರುತಾಚಾರ್ಯರು ಶರೀರಕ್ಕೂ ಮನಸ್ಸಿಗೂ ಬಾಧೆಯನ್ನುಂಟುಮಾಡುವುದನ್ನು ‘ಶಲ್ಯ’ವೆಂದು ಕರೆದರು. ಹೊರಗಿನಿಂದ ಬಂದದ್ದೆಲ್ಲ ಶಲ್ಯವೆಂದು ಅವರು ಹೇಳಲಿಲ್ಲ. ಬಾಧಿಸುವುದೇ ಅದರ ಲಕ್ಷಣ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸಗಳ ಚೂರು ಬಹುಕಾಲ ದೇಹದಲ್ಲಿ ಉಳಿದರೆ ಪಿತ್ತದ ತೇಜಸ್ಸಿನಿಂದ ಕರಗುವುದೆಂದೂ, ದಂತ, ಕಲ್ಲು, ಮಣ್ಣಿನ ಚೂರುಗಳು ಹಾಗೆ ಕರಗುವುದಿಲ್ಲವೆಂದೂ ಅವರು ವಿಂಗಡಿಸಿದ್ದಾರೆ. ದೇಹದ್ರವಗಳು ಲೋಹವನ್ನು ತಿನ್ನಬಲ್ಲವೆಂಬ ಭಯ ಹೊಸದಲ್ಲ. ಅದಕ್ಕೆ ಆಧಾರವೂ ಇದೆ. ಹಾಗಾದರೆ ಕರಗದೆ, ಬಾಧಿಸದೆ ಉಳಿಯುವ ಲೋಹವುಂಟೇ ಎಂಬುದೇ ಪ್ರಶ್ನೆ.

ಟೈಟಾನಿಯಂ ಅಂಥದ್ದು. 1791ರಲ್ಲಿ ಪತ್ತೆಯಾದ ಈ ಲೋಹ ಪ್ರಾಚೀನರಿಗೆ ತಿಳಿದಿರಲಿಲ್ಲ. ಗಾಳಿ ಸೋಕಿದೊಡನೆ ಇದರ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಪದರ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ರಕ್ತದ ಉಪ್ಪುನೀರು ಆ ಕವಚವನ್ನು ದಾಟಿ ಲೋಹವನ್ನು ತಿನ್ನುವುದು ಬಹಳ ಕಷ್ಟ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಟೈಟಾನಿಯಂ ಉಪಕರಣವೊಂದನ್ನು ಇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಬರಲಿಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಇದೇ ತತ್ತ್ವದಿಂದ ಮನುಷ್ಯನ ದವಡೆಗೆ ಕೃತಕ ಹಲ್ಲಿನ ಬೇರುಗಳನ್ನು ಕೂರಿಸಿದರು.

ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವುದು ಮಿಶ್ರಲೋಹವನ್ನು. ಅದರಲ್ಲಿ ಸುಮಾರು ಶೇ. 90ರಷ್ಟು ಟೈಟಾನಿಯಂ, ಶೇ. 6ರಷ್ಟು ಅಲ್ಯೂಮಿನಿಯಂ, ಶೇ. 4ರಷ್ಟು ವೆನೇಡಿಯಂ ಇರುತ್ತವೆ. ಇದರ ತೂಕ ಉಕ್ಕಿನ ತೂಕಕ್ಕಿಂತ ಬಹಳ ಕಡಿಮೆ. ಬಿಗಿತ ಹೆಚ್ಚುಕಡಿಮೆ ಅರ್ಧದಷ್ಟು. ಇದು ಸಣ್ಣ ವಿಷಯವಲ್ಲ. ಒಳಗಿನ ಲೋಹ ಅತಿ ಬಿಗಿಯಾಗಿದ್ದು ಭಾರವನ್ನೆಲ್ಲ ತಾನೇ ಹೊತ್ತರೆ, ಕೆಲಸವಿಲ್ಲದ ಮೂಳೆ ಸೊರಗುತ್ತದೆ.

ಗುಣವನ್ನು ಹೇಳಿ ದೋಷವನ್ನು ಮುಚ್ಚಿಡಬಾರದು. ಟೈಟಾನಿಯಂ ಉಜ್ಜಾಟವನ್ನು ತಾಳದು. ಉಜ್ಜಿದಲ್ಲಿ ಉದುರುವ ಸೂಕ್ಷ್ಮ ಕಣಗಳು ಸುತ್ತಲಿನ ಅಂಗಾಂಶವನ್ನು ಕೆರಳಿಸಬಲ್ಲವು. ಆದ್ದರಿಂದಲೇ ಕೃತಕ ಸೊಂಟದ ಕೀಲಿನಲ್ಲಿ ಕಾಂಡ ಟೈಟಾನಿಯಮ್ಮಿನದಾದರೂ ತಿರುಗುವ ಗುಂಡನ್ನು ಸೆರಾಮಿಕ್ ಅಥವಾ ಕೋಬಾಲ್ಟ್–ಕ್ರೋಮಿಯಮ್ಮಿನಿಂದ ಮಾಡುತ್ತಾರೆ. ವೆನೇಡಿಯಂ ಬಗೆಗಿನ ಶಂಕೆಯಿಂದ ಅದರ ಬದಲು ನಿಯೋಬಿಯಂ ಬೆರೆಸಿದ ಮಿಶ್ರಲೋಹವೂ ಬಂದಿದೆ. ಈ ಲೋಹದ ಅಲರ್ಜಿ ಅಪರೂಪ. ಸ್ಟೀಲಿನಲ್ಲಿರುವ ನಿಕ್ಕಲ್ಲಿನ ಅಲರ್ಜಿಯೇ ಹೆಚ್ಚು. ಅಗ್ಗದ ಆಭರಣದಿಂದ ಮೈ ತುರಿಸುವವರು ಈ ಸಂಗತಿಯನ್ನು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಬೇಕು.

ನನ್ನ ಅಭಿಪ್ರಾಯದಲ್ಲಿ ಭಕ್ತರು ಹೆದರಬೇಕಾದದ್ದು ಲೋಹಕ್ಕಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಗೆ, ಬೀಡಿ–ಸಿಗರೇಟಿಗೆ, ಸೋಂಕಿಗೆ, ಎಲ್ಲಕ್ಕಿಂತ ಮಿಗಿಲಾಗಿ ವಿಳಂಬಕ್ಕೆ. ತೊಡೆಮೂಳೆಯ ಕತ್ತು ಮುರಿದಾಗ ಅದಕ್ಕೆ ಹೋಗುವ ರಕ್ತವೇ ಕಡಿಮೆಯಾಗುವುದರಿಂದ ಹೊರಗಿನ ಕಟ್ಟು ಅದನ್ನು ಕೂಡಿಸದು. ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಅತ್ತಿ, ಅರಳಿ, ಬಿದಿರುಗಳಿಂದ ಕಟ್ಟು ಕಟ್ಟುವುದನ್ನು ಕಲಿಸಿದ ಸುಶ್ರುತರೇ ಸೊಂಟದ ಭಾಗದ ಕೆಲವು ಭಗ್ನಗಳನ್ನು ವೈದ್ಯನು ಬಿಟ್ಟುಬಿಡಬೇಕೆಂದಿದ್ದಾರೆ. ಅವರು ಕೈಬಿಟ್ಟದ್ದನ್ನು ಅವರ ಹೆಸರಿನಲ್ಲಿ ನಾವು ಕೈಗೆತ್ತಿಕೊಳ್ಳುವುದು ಶಾಸ್ತ್ರನಿಷ್ಠೆಯಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ಲೋಹ, ಯಾವ ಕಂಪನಿಯದು, ಬೆಲೆ ಎಷ್ಟು ಎಂದು ಸಂಕೋಚವಿಲ್ಲದೆ ಕೇಳಿ. ಮಂಡಿಯ ಕೃತಕ ಕೀಲುಗಳಿಗೆ ಕೇಂದ್ರ ಸರಕಾರವು 2017ರಲ್ಲಿ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತೆಂಬುದು ನೆನಪಿರಲಿ. ಒಳಗಿರಿಸಿದ ವಸ್ತುವಿನ ವಿವರವುಳ್ಳ ಚೀಟಿಯನ್ನು ಪಡೆದು ಜೋಪಾನಮಾಡಿ. ಎಂಆರ್‌ಐ ಮಾಡಿಸುವಾಗ ತೋರಿಸಿ. ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲವಾದರೂ ತಿಳಿಸುವುದು ಅಗತ್ಯ.

ಆಯುರ್ವೇದಕ್ಕೂ ಇಲ್ಲಿ ಸ್ಥಾನವಿದೆ. ಗಾಯ ಪೂರ್ಣ ಮಾಗಿದ ಮೇಲೆ ಶಸ್ತ್ರವೈದ್ಯರ ಒಪ್ಪಿಗೆಯಿಂದ ಅಭ್ಯಂಗ, ಬಲವರ್ಧಕ ಆಹಾರ, ಮತ್ತೆ ಬೀಳದಂತೆ ಎಚ್ಚರ – ಇವು ನಮ್ಮ ಕೆಲಸ. ಸೊಂಟದ ಕೀಲು ಬದಲಾದ ಹಿರಿಯರೊಬ್ಬರು ಇನ್ನು ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಲಾಗದೆಂದು ನನ್ನೆದುರು ಕಣ್ಣೀರು ತೆಗೆದಿದ್ದರು. ಕುರ್ಚಿಯ ಮೇಲೆ ಕುಳಿತು ಮಾಡಿರೆಂದೆ. ಈಗ ಪ್ರತಿದಿನ ಹಾಗೆಯೇ ಮಾಡುತ್ತಾರೆ. ಹುಣ್ಣಿಮೆಗೆ ಶ್ರೀಮಠಕ್ಕೆ ನಡೆದೇ ಬರುತ್ತಾರೆ. ಅವರನ್ನು ಬಾಧಿಸದೆ ನಡೆಸುತ್ತಿರುವ ಆ ಲೋಹವನ್ನು ಶಲ್ಯವೆಂದು ಹೇಗೆ ಕರೆಯಲಿ?