ಎಕರೆಗೆ ಎಷ್ಟು ಆಳು?

ಹಾವೇರಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವುದು ಹಾನಗಲ್ಲು. ಮಲೆನಾಡಿನ ಸೆರಗಿನಲ್ಲಿರುವ ಈ ತಾಲ್ಲೂಕಿನಲ್ಲಿ ಕೆರೆಗಳು, ಭತ್ತದ ಗದ್ದೆಗಳು, ಮಾವಿನ ತೋಪುಗಳು ಹೆಚ್ಚು. ಅಲ್ಲಿಂದ ಶಿಗ್ಗಾವಿಯನ್ನು ಹಾಯ್ದು ಸವಣೂರಿಗೆ ಬಂದರೆ ಬಯಲುಸೀಮೆ, ಕಪ್ಪು ಎರೆಭೂಮಿ. ದಕ್ಷಿಣದ ಹಿರೇಕೆರೂರಿನಲ್ಲಿ ಹತ್ತಿ, ಗೋವಿನಜೋಳದ ಹೊಲಗಳು. ನಾಲ್ಕೂ ತಾಲ್ಲೂಕುಗಳ ಮಣ್ಣು, ಮಳೆ ಬೇರೆ ಬೇರೆ. ಆದರೆ ಒಂದು ಪ್ರಶ್ನೆ ಎಲ್ಲಕ್ಕೂ ಸಮಾನ: ಭೂಮಿ ಹೆಚ್ಚು ಬೆಳೆದರೂ ಅದನ್ನು ನೆಚ್ಚಿದವರ ಬಡತನ ಇಷ್ಟು ನಿಧಾನವಾಗಿ ಕರಗುವುದೇಕೆ?

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಹಾವೇರಿ ಜಿಲ್ಲೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ಅವರಲ್ಲಿ ಶೇ. 78ರಷ್ಟು ಮಂದಿ ಹಳ್ಳಿಗಳಲ್ಲೇ ಇದ್ದರು. ಎಂದರೆ, ಇಲ್ಲಿ ಬಡತನದ ಮಾತು ಬಹುಮಟ್ಟಿಗೆ ಹೊಲದ ಮಾತೇ.

ಹೊಲವೇನೂ ಸುಮ್ಮನೆ ಕುಳಿತಿಲ್ಲ. ಬಿಳಿಜೋಳ, ಶೇಂಗಾ, ಹತ್ತಿ ಬಿತ್ತುತ್ತಿದ್ದ ಬಹಳಷ್ಟು ಭೂಮಿಗೆ ಗೋವಿನಜೋಳ ಬಂದಿದೆ. ಕೊಳವೆಬಾವಿಯ ನೀರು ಸಿಕ್ಕಲ್ಲಿ, ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿಯೂ ಅಡಿಕೆ ಸಸಿಗಳು ಎದ್ದಿವೆ. ಇದರಲ್ಲಿ ರೈತನ ತಪ್ಪು ಹುಡುಕಬೇಕಾಗಿಲ್ಲ. ಗೋವಿನಜೋಳ ಒಂದೇ ಮಳೆಗಾಲದಲ್ಲಿ ಕೈಗೆ ಬರುತ್ತದೆ. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ ಅದು ಬೇಕು. ಸಾಲ ತೀರಿಸಬೇಕಾದವನು ಲೆಕ್ಕ ಹಾಕಿಯೇ ಬಿತ್ತುತ್ತಾನೆ.

ಆದರೆ ಹಳ್ಳಿಯಲ್ಲಿ ಇನ್ನೊಂದು ಲೆಕ್ಕವೂ ಉಂಟು: ಎಕರೆಗೆ ಎಷ್ಟು ಆಳು? ಹತ್ತಿಯ ಕಾಯಿ ಒಮ್ಮೆಲೇ ಒಡೆಯುವುದಿಲ್ಲ. ಮತ್ತೆ ಮತ್ತೆ ಬಿಡಿಸಬೇಕು. ಅದು ಹೆಚ್ಚಾಗಿ ಹೆಣ್ಣುಮಕ್ಕಳ ಕೈಕೆಲಸ. ಜೋಳಕ್ಕೆ ಕಳೆ ತೆಗೆಯಬೇಕು, ಕೊಯ್ಯಬೇಕು, ಸಿವುಡು ಕಟ್ಟಬೇಕು. ಕಣಿಕೆ ದನಕ್ಕೂ ಆಗುತ್ತದೆ. ಸವಣೂರಿನ ಹೆಸರಾಂತ ವೀಳ್ಯದೆಲೆ ತೋಟಗಳಿಗೆ ತುಂಡು ಭೂಮಿ ಸಾಕು. ಎಲೆ ಕೊಯ್ಯುವ ಕೆಲಸ ಮಾತ್ರ ವರ್ಷವಿಡೀ ಇರುತ್ತದೆ. ಗೋವಿನಜೋಳಕ್ಕಾದರೋ ಕಳೆನಾಶಕ ಸಿಂಪಡಿಸಿ, ಯಂತ್ರಕ್ಕೆ ತೆನೆ ಹಾಕಿದರೆ ಬಹಳಷ್ಟು ಆಳು ಉಳಿಯುತ್ತದೆ. ಬೆಳೆದು ನಿಂತ ಅಡಿಕೆ ತೋಟಕ್ಕೆ ಬೇಕಾದವರು ಮರ ಹತ್ತಬಲ್ಲ ಕೆಲವರು. ಭೂಮಿ ಉಳ್ಳವನಿಗೆ ಇದು ಖರ್ಚಿನ ಉಳಿತಾಯ. ಭೂಮಿ ಇಲ್ಲದವನಿಗೆ ಇದೇ ಕೂಲಿಯ ನಷ್ಟ. ಉತ್ಪನ್ನದ ಅಂಕಿ ಏರಿದ ವರ್ಷವೇ ಕೂಲಿಯ ದಿನಗಳು ಇಳಿಯಬಹುದು ಎಂಬುದು ಇಲ್ಲಿಯ ಒಗಟು.

1974ರಲ್ಲಿ ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಅದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಆದರೆ ಗೇಣಿಯೂ ಇಲ್ಲದೆ ಬರಿಯ ಕೂಲಿ ಮಾಡುತ್ತಿದ್ದವರಿಗೆ ಅದರಿಂದ ಹೊಲ ದೊರೆಯಲಿಲ್ಲ. ಅಂದು ಹೊಲ ಪಡೆದ ಮನೆಗಳಲ್ಲಿಯೂ ಆಸ್ತಿ ಪಾಲಾಗುತ್ತಲೇ ಇದೆ: ಅಜ್ಜನ ಆರು ಎಕರೆ ಮೂರು ಮಕ್ಕಳಿಗೆ ಹಂಚಿ, ಅವರ ಮಕ್ಕಳಿಗೆ ಬರುವ ಹೊತ್ತಿಗೆ ಗುಂಟೆಗಳ ಲೆಕ್ಕವಾಗುತ್ತದೆ. 2020ರಲ್ಲಿ ಈ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆಯಿತು. ಮಾರಿದವನಿಗೆ ಒಮ್ಮೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ?

ದೇಶದ ಅಂಕಿಗಳನ್ನು ನೋಡಿದರೆ ಕಾರಣ ಇನ್ನಷ್ಟು ತಿಳಿಯಾಗುತ್ತದೆ. ದುಡಿಯುವ 100 ಮಂದಿಯಲ್ಲಿ ಸುಮಾರು 45 ಮಂದಿ ಕೃಷಿಯಲ್ಲಿದ್ದಾರೆ. ರಾಷ್ಟ್ರದ ಆದಾಯದ 100 ರೂಪಾಯಿಯಲ್ಲಿ ಕೃಷಿಗೆ ಬರುವುದು ಸುಮಾರು 18. ಭಾಗಿಸಿ ನೋಡಿ: ಕೃಷಿಯಲ್ಲಿ ದುಡಿಯುವವನ ಪಾಲಿಗೆ 40 ಪೈಸೆ, ಉಳಿದ ಕಸುಬಿನವನ ಪಾಲಿಗೆ ಒಂದೂವರೆ ರೂಪಾಯಿಯ ಹತ್ತಿರ.

ಆರ್ಥರ್ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞರು 1954ರಲ್ಲಿ ಒಂದು ವಾದ ಮುಂದಿಟ್ಟರು. ಹೊಲದಲ್ಲಿ ಹೆಚ್ಚಾದ ಕೈಗಳನ್ನು ಕಾರ್ಖಾನೆಗಳು ಎಳೆದುಕೊಳ್ಳುತ್ತ ಹೋದರೆ ದೇಶ ಬೆಳೆಯುತ್ತದೆ ಎಂಬುದು ಅದರ ಸಾರ. ದಕ್ಷಿಣ ಕೊರಿಯಾ, ತೈವಾನ್‌ಗಳಲ್ಲಿ ಹೆಚ್ಚು ಕಡಿಮೆ ಹಾಗೆಯೇ ಆಯಿತು. ಅವು ಮೊದಲು ಭೂಮಿ ಹಂಚಿ, ಶಾಲೆ ಕಟ್ಟಿ, ಬಳಿಕ ಕಾರ್ಖಾನೆಗಳನ್ನು ಬೆಳೆಸಿದವು. ಸವಣೂರು, ಶಿಗ್ಗಾವಿಗಳ ಹಳ್ಳಿಯಲ್ಲಿ ಬಿಡುವಾದ ಕೈಗಳಿಗೆ ಹತ್ತಿರದಲ್ಲಿ ಅಂಥ ಕಾರ್ಖಾನೆಗಳು ಸಾಕಷ್ಟಿಲ್ಲ. ಹಾಗಾಗಿ ದೂರದ ನಗರಗಳ ಕಟ್ಟಡ ಕೆಲಸವೇ ಗತಿಯಾಗುತ್ತದೆ. ಮನೆಮಂದಿಯೆಲ್ಲ ಹೊರಟರೆ ಮೊದಲು ತಪ್ಪುವುದು ಮಕ್ಕಳ ಶಾಲೆ. ಶಾಲೆ ತಪ್ಪಿದ ಮಗು ನಾಳೆ ಅದೇ ಕೂಲಿಗೆ ನಿಲ್ಲುತ್ತದೆ. ಬಡತನ ತಂದೆಯಿಂದ ಮಗನಿಗೆ ದಾಟುವುದು ಹೀಗೆ.

ದಾರಿಗಳಿಲ್ಲವೆಂದಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಹಳ್ಳಿಯ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೂಲಿಯ ಹಕ್ಕು ಕೊಟ್ಟಿತು. ಆ ಕೂಲಿಯಲ್ಲಿ ಕೆರೆಯ ಹೂಳೆತ್ತಿದರೆ ನೀರೂ ನಿಲ್ಲುತ್ತದೆ, ಎರಡನೆಯ ಬೆಳೆಯೂ ಬರುತ್ತದೆ. ಮಾವು, ಗೋವಿನಜೋಳ ಹಣ್ಣಾಗಿ, ಕಾಳಾಗಿ ಲಾರಿ ಹತ್ತುವ ಬದಲು ಇಲ್ಲೇ ಸಂಸ್ಕರಣಗೊಂಡರೆ ಅದರ ಕೂಲಿಯೂ ಇಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು, ಸುಗ್ಗಿಯಿರಲಿ ಗುಳೆಯಿರಲಿ, ಮಗು ತರಗತಿಯಲ್ಲೇ ಇರಬೇಕು.

ವಿದ್ಯಾರ್ಥಿಗಳು ಈ ವಾರ ಒಂದು ಕೆಲಸ ಮಾಡಬಹುದು. ಊರಿನ ಹಿರಿಯರನ್ನು ಕೇಳಿ: ಮೂವತ್ತು ವರ್ಷದ ಹಿಂದೆ ನಿಮ್ಮ ಎಕರೆಗೆ ಎಷ್ಟು ಆಳು ಬೇಕಿತ್ತು, ಈಗ ಎಷ್ಟು ಬೇಕು? ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿರಿ. ಕೆಲಸ ತಪ್ಪಿದವರು ಈಗ ಎಲ್ಲಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಅರ್ಥಶಾಸ್ತ್ರದ ಪಾಠ ಶುರುವಾಗುವುದೇ ಅಲ್ಲಿಂದ.