ನೀರಿಗಿಳಿಯುವ ಮುನ್ನ ನೀರನ್ನು ಅರಿಯೋಣ

ಶ್ರಾವಣ ಮಾಸ ಬಂತೆಂದರೆ ನದೀತೀರದ ಕ್ಷೇತ್ರಗಳಿಗೆ ಭಕ್ತರ ಪಯಣ ಹೆಚ್ಚುತ್ತದೆ. ಹೊಳೆಗಳು ತುಂಬಿ ಹರಿಯುವುದೂ ಅದೇ ಕಾಲದಲ್ಲಿ. ದರ್ಶನ ಮುಗಿಸಿದ ಕುಟುಂಬಗಳು ಮಕ್ಕಳೊಡನೆ ನೀರಿಗಿಳಿದು ಮೀಯುವುದು, ಆಡುವುದು ಸಹಜವಾದ ಸಂತೋಷ. ಆದರೆ ಆ ಸಂತೋಷವು ಕ್ಷಣಾರ್ಧದಲ್ಲಿ ಶೋಕವಾದ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತೇವೆ, ‘ವಿಧಿಲೀಲೆ’ ಎಂದು ನಿಟ್ಟುಸಿರುಬಿಟ್ಟು ಮರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟರು. ಇವುಗಳಲ್ಲಿ ಬಹುಪಾಲು ಸಾವುಗಳು ತಡೆಯಬಹುದಾದವು. ತಡೆಯಬಹುದಾದುದನ್ನು ವಿಧಿಯ ಮೇಲೆ ಹೊರಿಸುವುದು ವಿವೇಕವಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ.

‘ನಮ್ಮ ಹಿರಿಯರು ಇದೇ ಹೊಳೆಯಲ್ಲಿ ಈಜಿ ಬೆಳೆದರು, ಅವರಿಗೇನಾಯಿತು?’ ಎಂದು ಕೇಳುವವರುಂಟು. ಹಿರಿಯರು ಹೊಳೆಯನ್ನು ಬಲ್ಲವರಾಗಿದ್ದರು ಎಂಬುದು ನಿಜ. ಎಲ್ಲಿ ಮಡುವಿದೆ, ಎಲ್ಲಿ ಸುಳಿಯಿದೆ, ಯಾವ ತಿಂಗಳಲ್ಲಿ ಯಾವ ಬಂಡೆ ಮುಳುಗುತ್ತದೆ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ಆದರೆ ಅವರು ಬಲ್ಲ ಹೊಳೆ ಇಂದು ಇಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನೇ ನೋಡೋಣ. ಕೃಷ್ಣೆಯ ಮೇಲ್ಭಾಗದಲ್ಲಿ ಆಲಮಟ್ಟಿ ಜಲಾಶಯ, ಕೆಳಭಾಗದಲ್ಲಿ ನಾರಾಯಣಪುರದ ಬಸವಸಾಗರ, ಮಲಪ್ರಭೆಗೆ ನವಿಲುತೀರ್ಥದ ಅಣೆಕಟ್ಟು. ಅಲ್ಲಿಯ ನೀರಿನ ಮಟ್ಟವನ್ನು ಇಂದು ಋತುಮಾನದ ಜೊತೆಗೆ ಅಣೆಕಟ್ಟಿನ ಗೇಟುಗಳೂ ನಿರ್ಧರಿಸುತ್ತವೆ. ಇನ್ನು ಅನೇಕ ಹೊಳೆಗಳಲ್ಲಿ ಮರಳು ತೆಗೆದ ಗುಂಡಿಗಳು ತಳದ ಸ್ವರೂಪವನ್ನೇ ಬದಲಿಸಿವೆ. ಆದುದರಿಂದ ನೀರನ್ನು ಅರಿಯುವ ವಿದ್ಯೆಯನ್ನು ನಾವು ಹೊಸದಾಗಿ ಕಲಿಯಬೇಕಾಗಿದೆ.

ಮೊದಲನೆಯದಾಗಿ, ನೆತ್ತಿಯ ಮೇಲಿನ ಆಕಾಶವನ್ನಷ್ಟೇ ನೋಡಿ ಹೊಳೆಯನ್ನು ಅಳೆಯಬಾರದು. ನಮ್ಮಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಕೃಷ್ಣೆಗೆ ಪ್ರವಾಹ ತರುತ್ತದೆ. ಖಾನಾಪುರ ತಾಲ್ಲೂಕಿನ ಮಳೆ ಮಲಪ್ರಭೆಯನ್ನು ಉಕ್ಕಿಸುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿದುದನ್ನು ಮರೆಯಲಾಗದು. ಜಲಾಶಯದಿಂದ ಎಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಸುದ್ದಿ ದಿನಪತ್ರಿಕೆಗಳಲ್ಲಿ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು; ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್! ಪ್ರಯಾಣ ಹೊರಡುವ ಮುನ್ನ ಆ ಸುದ್ದಿಯನ್ನು ಓದುವುದೂ ಯಾತ್ರೆಯ ಸಿದ್ಧತೆಯೇ.

ಎರಡನೆಯದಾಗಿ, ದಡದಲ್ಲಿ ಕೆಲಹೊತ್ತು ನಿಂತು ನೋಡಬೇಕು. ನೀರಿನ ಅಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟು ಕಾಲು ಗಂಟೆ ಕಾದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ನೀರು ಏಕಾಏಕಿ ಕೆಂಪಾದರೆ, ನೊರೆ, ಕಸಕಡ್ಡಿ, ಟೊಂಗೆಗಳು ತೇಲಿಬರತೊಡಗಿದರೆ ಪ್ರವಾಹ ಬರುತ್ತಿದೆಯೆಂದೇ ಅರ್ಥ, ಕೂಡಲೇ ಮೇಲೇರಬೇಕು. ಒಂದು ಎಲೆಯನ್ನು ತೇಲಿಬಿಟ್ಟು ದಡದಲ್ಲಿ ಅದರೊಡನೆ ನಡೆದು ನೋಡಿರಿ. ನಿಮ್ಮ ಸಾಧಾರಣ ನಡಿಗೆಗೆ ಅದು ಸಿಗದಿದ್ದರೆ ಆ ಸೆಳವಿಗೆ ಇಳಿಯಬೇಡಿರಿ. ನೀರಿನ ವೇಗ ಇಮ್ಮಡಿಯಾದರೆ ಅದು ದೇಹವನ್ನು ತಳ್ಳುವ ಬಲ ನಾಲ್ಮಡಿಯಾಗುತ್ತದೆ; ರಭಸದ ನೀರು ಮೊಣಕಾಲಿನವರೆಗಿದ್ದರೂ ಬಲಿಷ್ಠನನ್ನು ಕೆಡವಬಲ್ಲದು. ಬಾಂದಾರದ ಕೆಳಗೆ ಧುಮುಕುವ ನೀರು ನೋಡಲು ಸುಂದರ, ಆದರೆ ಅಲ್ಲಿ ಸುತ್ತುವ ನೀರು ಮನುಷ್ಯನನ್ನು ಮತ್ತೆ ಮತ್ತೆ ಒಳಕ್ಕೆ ಎಳೆಯುತ್ತದೆ. ನುರಿತ ಈಜುಗಾರರೂ ಅಲ್ಲಿ ಸೋತಿದ್ದಾರೆ.

ಕೆರೆಯ ನೀರು ನಿಂತ ನೀರು, ಅದಕ್ಕೇನು ಭಯ ಎನ್ನುವುದು ಇನ್ನೊಂದು ಭ್ರಮೆ. ಹೂಳೆತ್ತಿದ ಕೆರೆಯಲ್ಲಿ ಎರಡು ಹೆಜ್ಜೆ ಸೊಂಟದ ಆಳವಿದ್ದು ಮೂರನೆಯ ಹೆಜ್ಜೆಗೆ ಆಳುದ್ದದ ಗುಂಡಿ ಎದುರಾಗಬಹುದು. ಅಂತರಗಂಗೆಯ ಬೇರುಗಳು ಕಾಲಿಗೆ ತೊಡರುತ್ತವೆ, ಕೆಸರು ಹೂತು ಹಿಡಿಯುತ್ತದೆ. ಇವೆಲ್ಲಕ್ಕಿಂತ ಹೊಸ ಅಪಾಯ ನಮ್ಮ ಹೊಲಗಳಲ್ಲಿಯೇ ಇದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಒಮ್ಮೆ ಇಳಿದ ಬಾಲಕನಿಗೆ ಹಿಡಿದು ಮೇಲೇರಲು ಆಸರೆಯೇ ಇರುವುದಿಲ್ಲ. ಬೇಲಿಯಿಲ್ಲದ, ನಾಲ್ಕೂ ಬದಿಗೆ ಹಗ್ಗ ಇಳಿಬಿಡದ ಹೊಂಡವನ್ನು ಯಾವ ರೈತಬಂಧುವೂ ಇಟ್ಟುಕೊಳ್ಳಬಾರದು.

ಆಳ ಮತ್ತು ಸೆಳವುಗಳ ಜೊತೆಗೆ ನೀರಿನ ಶುದ್ಧಿಯನ್ನೂ ನೋಡಬೇಕು. ನೂರು ಮಿಲಿಲೀಟರ್ ಸ್ನಾನದ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆ 500ರೊಳಗಿರಬೇಕು, ಹೆಚ್ಚೆಂದರೆ 2500 ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಇದನ್ನು ಕಣ್ಣು ಅಳೆಯಲಾರದು. ಆದರೂ ಚರಂಡಿ ಸೇರುವ ತಾಣ, ದುರ್ಗಂಧ, ಸತ್ತ ಮೀನುಗಳು, ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ಕೆನೆ ಇವುಗಳನ್ನು ಕಂಡರೆ ಹಿಂದಿರುಗಬೇಕು. ಅಂತಹ ಹಸಿರು ಕೆನೆಯ ಕೆಲವು ಬಗೆಗಳು ಯಕೃತ್ತಿಗೆ ವಿಷಕಾರಿ. ಜೋರು ಮಳೆಯ ಮರುದಿನ ಊರಿನ ಕೊಳೆಯೆಲ್ಲ ಹೊಳೆಗೆ ಸೇರಿರುತ್ತದೆ. ಮೈಮೇಲೆ ಗಾಯವಿದ್ದವರು ಆಗ ನೀರಿಗಿಳಿಯಬಾರದು. ಸ್ನಾನವಾದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಂಡುಬಂದರೆ ಅದು ಇಲಿಜ್ವರವಿರಬಹುದು. ಹೊಳೆಯಲ್ಲಿ ಮಿಂದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಒಬ್ಬರು ಮುಳುಗುತ್ತಿರುವಾಗ ಈಜು ಬಾರದವರು ಹಿಂದೆಯೇ ಧುಮುಕಿ, ಒಂದೇ ಮನೆಯ ಹಲವರು ಅಸುನೀಗಿದ ಪ್ರಸಂಗಗಳು ಬಹಳ. ಹಗ್ಗ, ಗಳು, ಗಂಟುಹಾಕಿದ ಸೀರೆ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಮೇಲೆ ತಂದವರನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯೊತ್ತುವಿಕೆಯನ್ನು ಆರಂಭಿಸಿ, 108ಕ್ಕೆ ಕರೆಮಾಡಬೇಕು.

ವ್ಯಕ್ತಿಯ ಎಚ್ಚರವಷ್ಟೇ ಸಾಲದು. ‘ಅಪಾಯ, ಈಜಬಾರದು’ ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ಹೊಣೆಗಾರಿಕೆಯಲ್ಲ. ಬರುವ ಭಕ್ತರು ಮೀಯುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದುದರಿಂದ ಪ್ರತಿಯೊಂದು ಸ್ನಾನಘಟ್ಟದಲ್ಲಿ ಆಳ ತೋರುವ ಬಣ್ಣದ ಕಂಬ, ಹಿಡಿದು ನಿಲ್ಲಲು ಸರಪಳಿ, ಹಗ್ಗ ಕಟ್ಟಿದ ತೇಲುಬಳೆ, ಅಂದಿನ ಹೊರಹರಿವನ್ನು ಬರೆದ ಹಲಗೆ ಇರಲೇಬೇಕು. ಜಾತ್ರಾ ಸಮಿತಿಗಳು, ಗ್ರಾಮ ಪಂಚಾಯಿತಿಗಳು ಮಂಟಪದ ಅಲಂಕಾರಕ್ಕೆ ವ್ಯಯಿಸುವುದರಲ್ಲಿ ಅಲ್ಪಭಾಗ ಇದಕ್ಕೆ ಸಾಕು. ಸ್ಥಳೀಯ ಅಂಬಿಗರನ್ನೂ ಮೀನುಗಾರರನ್ನೂ ಕಾವಲಿಗೆ ನೇಮಿಸಿ ಗೌರವಧನ ಕೊಡಬೇಕು. ಅಂಬಿಗರ ಚೌಡಯ್ಯನವರಂತಹ ಶರಣರನ್ನು ಕೊಟ್ಟ ಕಾಯಕವದು. ಹೊಳೆಯ ಕುರಿತು ಅಂಬಿಗನ ಮಾತಿಗೆ ಮಿಗಿಲಾದ ಪ್ರಮಾಣವಿಲ್ಲ. ಹಾಗೆಯೇ, ನಮ್ಮ ವಸತಿನಿಲಯಗಳ ಮಕ್ಕಳಿಗೆ ಓದುಬರಹದಂತೆ ಈಜನ್ನೂ ಕಲಿಸುವ ವ್ಯವಸ್ಥೆಯಾಗಬೇಕು.

ನೀರಿಗೆ ಅಂಜಿ ದೂರ ನಿಲ್ಲಬೇಕೆಂದು ಇದರ ಅರ್ಥವಲ್ಲ. ಈಜು ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಉಲ್ಲಾಸ. ಹೊಳೆಯ ಮೇಲಿನ ಭಕ್ತಿ ಹೊಳೆಯ ಅರಿವಿನೊಡನೆ ಕೂಡಿರಲಿ. ಈ ಶ್ರಾವಣದಲ್ಲಿ ಸದ್ಭಕ್ತರು ದಡದಲ್ಲಿ ಕಾಲು ಗಂಟೆ ನಿಂತು, ನೋಡಿ, ಊರವರನ್ನು ಕೇಳಿ, ಆಮೇಲೆ ನೀರಿಗಿಳಿಯಲಿ. ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಲಿ.